ಏರಿನಲ್ಲಿ ಮಾತ್ರ ಕೇಳುವ ಸದ್ದು

ಬೆಳಿಗ್ಗೆ ಪುತ್ತೂರಿನ ಪೆಟ್ರೋಲ್ ಬಂಕಿನಲ್ಲಿ ಯಾರದೋ ಬೈಕಿನಿಂದ ಬಿಸಿ ಎಣ್ಣೆಯ ವಾಸನೆ ಬಂತು ನೋಡಿ, ನಾನು ಅಲ್ಲೇ ನಿಂತುಬಿಟ್ಟೆ. ನಿಮಗೆ ಅದು ಬರೀ ವಾಸನೆ ಇರಬಹುದು. ನನಗೆ ಅದು ಕೋಡಿಂಬಾಳದ ಭಾವ.

ಭಾವ ಎಂದರೆ ನನ್ನ ಅಕ್ಕ ದೇವಕಿಯ ಗಂಡ. ಐವತ್ತರ ದಶಕದ ಕೊನೆಗೆ ಅವರ ಬಳಿ ಮಿಲಿಟರಿಯವರು ಮಾರಿದ ಹಳೆಯದೊಂದು ಮೋಟಾರ್ ಸೈಕಲ್ ಇತ್ತು. ಸಪಾಟು ರಸ್ತೆಯಲ್ಲಿ ಅದರ ಗತ್ತೇ ಬೇರೆ. ಗುತ್ತಿಗಾರಿನಲ್ಲಿ ನಮ್ಮ ಮನೆಯ ಕೆಳಗಿನ ಏರು ಬಂದರೆ ಮಾತ್ರ ಏದುಸಿರು. ಅಕ್ಕ ಪ್ರತಿ ಸಲವೂ ಬುಡದಲ್ಲಿ ಇಳಿದು ನಡೆದೇ ತವರಿಗೆ ಬರುತ್ತಿದ್ದಳು. "ಇವರ ಗಾಡಿ ಬಂದು ಮುಟ್ಟುದರೊಳಗೆ ನಂದು ಒಂದು ಕಾಫಿ ಕುಡಿದಾಗಿರ್ತದೆ" ಎಂದು ಎಲ್ಲರೆದುರು ನಗುವಳು. ಭಾವನಿಗೆ ಅದು ನಾಟಿತು. ಮಂಗಳೂರಿನಿಂದ ತಲೆ ಉಬ್ಬಿದ ಹೊಸ ಪಿಸ್ಟನ್ ತಂದು ಹಾಕಿದರು. ಪೆಟ್ರೋಲು ಒಳಹೋಗುವ ದಾರಿಯನ್ನೂ ಅರದಿಂದ ತಾವೇ ಉಜ್ಜಿ ಅಗಲ ಮಾಡಿದರು.

ಶಕ್ತಿ ಬಂತು. ಜೊತೆಗೆ ಸದ್ದೂ ಬಂತು. ಮೊದಲ ಸಲ ಅಕ್ಕನನ್ನು ಹಿಂದೆ ಕೂರಿಸಿಕೊಂಡೇ ಹತ್ತುವಾಗ ಏರಿನ ನಡುವೆ, ಚೊಂಬಿನೊಳಗೆ ಕಲ್ಲು ಕುಲುಕಿದಂತೆ ಕಿಣಿಕಿಣಿಕಿಣಿ! ಭಾವ ಹೆದರಿ ಎಂಜಿನ್ ನಿಲ್ಲಿಸಿದರು. ನಾನೂ ಮನೆಯಿಂದ ಇಳಿದು ಹೋಗಿ ಕೈಜೋಡಿಸಿದೆ. ಅಂಗಳದವರೆಗೆ ದೂಡಿ ತಂದೆವು.

"ಇನ್ನು ಓಡಿಸಿದ್ರೆ ಪಿಸ್ಟನ್ ಒಡೆದೇ ಹೋಗ್ತದೆ. ಹಳೆಯದನ್ನೇ ಹಾಕುದು" ಎಂದರು ಭಾವ. ಅವರ ಮುಖ ನೋಡಲಾಗುತ್ತಿರಲಿಲ್ಲ.

ಎಂಜಿನ್ನಿನ ವಿದ್ಯೆಯೆಲ್ಲ ನನಗೆ ಗೊತ್ತೆಂಬ ಭ್ರಮೆ ಆಗ ನನಗೆ. ಉದ್ದದ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಡಾಕ್ಟರರ ಗಾಂಭೀರ್ಯದಲ್ಲಿ ಕೂತೆ. ಎಂಜಿನ್ ನಿಂತಲ್ಲಿ ಹದವಾಗಿ ಓಡುತ್ತಿತ್ತು. ಆದರೂ ಏನಾದರೂ ಹೇಳಬೇಕಲ್ಲ? "ವಾಲ್ವ್ ಸಡಿಲ" ಎಂದೆ. ಭಾವ ಬಿಚ್ಚಿ ನೋಡಿದರು, ಸಡಿಲ ಇರಲಿಲ್ಲ. ಮೊಣಕೈ ಸುಟ್ಟುಕೊಂಡದ್ದಷ್ಟೇ ನನ್ನ ಲಾಭ.

ಅಕ್ಕ ಜಗಲಿಯಿಂದಲೇ ಹೇಳಿದಳು. "ಸಡಿಲ ಆಗಿದ್ರೆ ಇಲ್ಲಿಯೂ ಕೇಳ್ಬೇಕಲ್ಲ? ಸಪಾಟಿನಲ್ಲಿ ಇಲ್ಲ, ಇಳಿಯುವಾಗ ಇಲ್ಲ. ಏರಿನಲ್ಲಿ ಪೆಟ್ರೋಲು ಜಾಸ್ತಿ ಕೊಟ್ಟಾಗ ಮಾತ್ರ ಉಂಟು. ಕೊಡುದು ಕಡಿಮೆ ಮಾಡಿದ ಕೂಡ್ಲೆ ನಿಲ್ತದೆ. ಹಿಂದೆ ಕೂತವಳಿಗೆ ಬೇರೆ ಎಂತ ಕೆಲಸ, ಕೇಳುದೇ ಅಲ್ವಾ?"

ಭಾವ ಎದ್ದು ನಿಂತರು. "ಹಾಗಾದ್ರೆ ಎಂತದೂ ಒಡೆದಿಲ್ಲ ಮಾರಾಯ್ತಿ! ಕಿಡಿ ಬೇಗ ಹಾರ್ತಾ ಉಂಟು! ಈ ಪಿಸ್ಟನಿಗೆ ಒತ್ತಡ ಜಾಸ್ತಿ, ಅಷ್ಟು ಬೇಗ ಕಿಡಿ ಬೇಡ!"

ಆ ಕಾಲದ ಗಾಡಿಗಳ ಹ್ಯಾಂಡಲಿನಲ್ಲಿ ಪೆಟ್ರೋಲು ಹೊತ್ತಿಸುವ ಕಿಡಿಯನ್ನು ಬೇಗವೋ ತಡವೋ ಮಾಡುವ ಒಂದು ಚಿಕ್ಕ ಲಿವರ್ ಇರುತ್ತಿತ್ತು. ಅದನ್ನು ಪೂರ್ತಿ ಮುಂದೆ, ಅಂದರೆ ಬೇಗದ ಕಡೆಗೆ, ತಳ್ಳಿ ಓಡಿಸುವುದು ಭಾವನ ಅಭ್ಯಾಸ.

ಇಬ್ಬರೂ ಮತ್ತೆ ಬುಡಕ್ಕೆ ಹೋದರು. ನಾನು ಏರಿನ ನಡುವೆ ನಿಂತೆ. ಗಾಡಿ ಬಂತು, ಕಿಣಿಕಿಣಿ ಶುರುವಾಯಿತು. ಅಕ್ಕ ಭಾವನ ಹೆಗಲ ಮೇಲಿಂದ ಬಾಗಿ ಕೂಗುತ್ತಿದ್ದಳು. "ಹಿಂದೆ ಎಳೀರಿ! ಇನ್ನೂ ಸ್ವಲ್ಪ! ಸಾಕು!" ಸದ್ದು ಥಟ್ಟನೆ ನಿಂತಿತು. ಉಳಿದದ್ದು ಎಂಜಿನ್ನಿನ ಗಟ್ಟಿ ಗುಡುಗು ಮಾತ್ರ. ಕೆಂಪು ಧೂಳೆಬ್ಬಿಸಿ ಅವರು ನನ್ನನ್ನು ದಾಟಿದರು. ನಾನು ಬೊಬ್ಬೆ ಹೊಡೆಯುತ್ತ ಬೆನ್ನಿಗೇ ಓಡಿದೆ. ಒಂದು ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮೇಲೆ ಮುಟ್ಟಿದಾಗ ಭಾವನ ಕಣ್ಣು ತುಂಬಿತ್ತು. ಅಕ್ಕ ಮಾತ್ರ ಇಳಿಯಲಿಲ್ಲ. "ನೀವು ಇಳೀರಿ. ಇದನ್ನು ಓಡಿಸುದು ಹೇಗೆ ಅಂತ ನಂಗೂ ಹೇಳಿಕೊಡಿ" ಎಂದಳು. ಆ ಸಂಜೆಯೇ ಅಂಗಳದಲ್ಲಿ ಪಾಠ ಶುರುವಾಯಿತು.

ಇಷ್ಟು ವರ್ಷ ನಾನು ಇದನ್ನು ಭಾವನ ಪಿಸ್ಟನ್ನಿನ ಕಥೆ ಎಂದೇ ಹೇಳಿಕೊಂಡು ಬಂದೆ. ಈಗ ನಿಮಗೆ ಹೇಳುತ್ತ ಹೇಳುತ್ತ ಗೊತ್ತಾಯಿತು, ಇದು ಅಕ್ಕನ ಕಥೆ. ಅವಳೀಗ ಕಡಬದಲ್ಲಿ ಮಗಳ ಮನೆಯಲ್ಲಿದ್ದಾಳೆ. ಫೋನು ಬೇಡ, ಹೋಗಿಯೇ ಹೇಳಬೇಕು. ಬಸ್ಸಿಗೆ ಹೊರಟಿದ್ದೇನೆ.