ಒಳಗೆ ಬಿಡಬೇಕಾದ ಬಟ್ಟೆ

ನಮ್ಮ ಟೀಚರಮ್ಮನ ತುಟಿಗಳ ನಡುವೆ ಯಾವಾಗಲೂ ಎರಡೋ ಮೂರೋ ಗುಂಡುಪಿನ್ನು ಇರುತ್ತಿದ್ದವು. ಬೈಯುವುದು, ನಗುವುದು, ಬೀದಿಯಲ್ಲಿ ಹೋಗುವ ಸೊಪ್ಪಿನವಳನ್ನು ಕೂಗಿ ಚೌಕಾಸಿ ಮಾಡುವುದು, ಎಲ್ಲವೂ ಪಿನ್ನು ಕಚ್ಚಿಕೊಂಡೇ. ಹೊಸದಾಗಿ ಸೇರಿದ ಹುಡುಗಿಯರು ಇವರು ಈಗ ನುಂಗುತ್ತಾರೆ, ಆಗ ನುಂಗುತ್ತಾರೆ ಎಂದು ಹೊಲಿಗೆ ಬಿಟ್ಟು ಅವರ ಬಾಯನ್ನೇ ನೋಡುತ್ತಿದ್ದರು. ಅವರು ಒಂದನ್ನೂ ನುಂಗಲಿಲ್ಲ. ಊಟಕ್ಕೆ ಕೂತಾಗ ಪಿನ್ನುಗಳನ್ನು ಸೆರಗಿನ ತುದಿಗೆ ಚುಚ್ಚಿಕೊಂಡು, ಉಂಡು ಬಾಯಿ ಮುಕ್ಕಳಿಸಿದ ಮೇಲೆ ಮತ್ತೆ ತುಟಿಗೆ ಏರಿಸುತ್ತಿದ್ದರು.

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಪಡಸಾಲೆಯೇ ಹೊಲಿಗೆ ಕ್ಲಾಸು. ಗೋಡೆಯುದ್ದಕ್ಕೂ ಕಾಲಲ್ಲಿ ತುಳಿಯುವ ಮಷೀನುಗಳು, ನಡುವೆ ಕತ್ತರಿಸುವುದಕ್ಕೆ ಒಂದು ಚಾಪೆ. ನಮ್ಮದು ಹನಗೋಡಿನ ಕಡೆಯ ಹಳ್ಳಿ, ಹೊಗೆಸೊಪ್ಪಿನ ಬೇಸಾಯ. ನಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದ ವರ್ಷ ಅಪ್ಪ ನನ್ನನ್ನು ಅವರ ಮುಂದೆ ತಂದು ನಿಲ್ಲಿಸಿದರು.

"ಹೊಗೆಸೊಪ್ಪು ನಂಬ್ಕೊಂಡ್ ಬದುಕೋ ಕಾಲ ಮುಗೀತಾ ಬಂತು ಕಣ್ರವ್ವ. ಇವ್ಳಿಗೆ ಓದೂ ತಲೆಗತ್ತಲಿಲ್ಲ. ನಾಳೀಕೆ ಏನಾದ್ರೂ ಒಂದ್ ದಾರಿ ಮಾಡ್ಕೊಡಿ" ಅಂದರು.

ಟೀಚರಮ್ಮ ಅಪ್ಪನಿಗೆ ಉತ್ತರ ಕೊಡುವ ಮೊದಲು ನನ್ನ ಕೈ ಹಿಡಿದು ತಿರುವಿ ನೋಡಿ ಮೂಸಿದರು. ಸೊಪ್ಪು ಮುರಿಯುವ ಸುಗ್ಗಿ. ಅಂಟು ಮೆತ್ತಿ ಅಂಗೈ ಕರ್ರಗಾಗಿತ್ತು. "ಈ ಕೈಲಿ ಬಿಳಿ ಬಟ್ಟೆ ಮುಟ್ಟಿದ್ರೆ ಮುಗೀತು. ಹಿತ್ತಲಿಗೋಗಿ ಸೋಪಾಕಿ ಉಜ್ಕಂಡ್ ಬಾ ಹೋಗಮ್ಮಿ" ಅಂದು, ಆಮೇಲೆ ಅಪ್ಪನ ಕಡೆ ತಿರುಗಿದರು. "ನೀವು ಯೋಚ್ನೆ ಬುಡಿ. ಕೈ ಕಲ್ತಿದ್ದು ಕೈ ಬುಡಾಕಿಲ್ಲ. ನಿಮ್ ಮಗ್ಳು ಯಾರ್ ಮುಂದೂ ಕೈ ಚಾಚಂಗಿಲ್ಲ. ಆ ಜವಾಬ್ದಾರಿ ನಂದು."

ಅಪ್ಪ ಆ ಮಾತನ್ನು ನಂಬಿಕೊಂಡು ಬಸ್ಸು ಹತ್ತಿದರು. ನಾನೂ ನಂಬಿದೆ. ನಮ್ಮಿಬ್ಬರಿಗಿಂತ ಹೆಚ್ಚಾಗಿ ನಂಬಿದ್ದವರು ಟೀಚರಮ್ಮ.

ಅವರ ಕ್ಲಾಸಿನಲ್ಲಿ ಬಟ್ಟೆ ಮುಟ್ಟಬೇಕಾದರೆ ತಿಂಗಳುಗಟ್ಟಲೆ ಹಳೆ ಪೇಪರು ಕತ್ತರಿಸಬೇಕಿತ್ತು. ಪೇಪರಿನಲ್ಲಿ ತೋಳು, ಪೇಪರಿನಲ್ಲಿ ಕುತ್ತಿಗೆ, ಪೇಪರಿನಲ್ಲಿ ಬೆನ್ನು. ಸೀಮೆಸುಣ್ಣದ ಗೆರೆಯ ಮೇಲೇ ಕತ್ತರಿ ಇಟ್ಟೆವೋ, ಕೊರಳಲ್ಲಿದ್ದ ಟೇಪು ಮೊಣಕೈಗೆ ಚಟೀರೆಂದು ಬೀಳುತ್ತಿತ್ತು.

"ಗೆರೆ ಇರೋದು ಹೊಲಿಯಾಕೆ, ಕತ್ತರ್ಸಾಕಲ್ಲ. ಗೆರೆಯಿಂದಾಚೆ ಒಸಿ ಬುಡು. ಮೈ ಇವತ್ತಿದ್ದಂಗೆ ನಾಳೆ ಇರಾಕಿಲ್ಲ ಕಣಮ್ಮಿ. ಹೆರ್ತಾರೆ, ಊದ್ಕತಾರೆ, ಸೊರಗ್ತಾರೆ. ಒಳಗೆ ಬಟ್ಟೆ ಬುಟ್ಟಿದ್ರೆ ಬಿಚ್ಚಿ ಸರಿ ಮಾಡ್ಕಬೋದು. ಬುಡದೆ ಇದ್ರೆ ಬ್ರಹ್ಮ ಬಂದ್ರೂ ಆಗಾಕಿಲ್ಲ."

ಅವರು ಹೊಲಿದ ರವಿಕೆಯೊಳಗೆ ಇನ್ನೊಂದು ರವಿಕೆಯ ಬಟ್ಟೆ ಇರುತ್ತದೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ಬಾಣಂತನ ಮುಗಿಸಿಕೊಂಡು ಹಳೆ ರವಿಕೆ ಹಿಡಿದು ಅವರ ಬಾಗಿಲಿಗೆ ಬರುತ್ತಿದ್ದರು. ನನ್ನ ಮದುವೆಯ ರವಿಕೆಯನ್ನೂ ಅವರೇ ಹೊಲಿದದ್ದು. ಒಂದೊಂದು ಹೆರಿಗೆಯಾದ ಮೇಲೂ ಅದನ್ನು ಅವರೇ ಬಿಚ್ಚಿ ಅಗಲ ಮಾಡಿಕೊಟ್ಟರು.

ಅವರ ಒಂದು ರೂಢಿ ಮಾತ್ರ ಬೇರೆ ಯಾವ ಹೊಲಿಗೆಯವರಲ್ಲೂ ನಾನು ಕಾಣಲಿಲ್ಲ. ನಮ್ಮ ಕಡೆ ಮುತ್ತೈದೆ ತೀರಿಕೊಂಡರೆ ತವರಿನವರು ಸೀರೆ, ರವಿಕೆಬಟ್ಟೆ ತರಬೇಕು. ಸೀರೆಯನ್ನೇನೋ ಉಡಿಸುತ್ತಾರೆ. ಆದರೆ ಆ ಗಳಿಗೆಯಲ್ಲಿ ರವಿಕೆ ಹೊಲಿಯುತ್ತ ಕೂರುವವರು ಯಾರು? ಬಟ್ಟೆಯನ್ನು ಮಡಿಕೆ ಬಿಚ್ಚದೆ ಮಡಿಲಲ್ಲಿಟ್ಟು ಕಳಿಸುತ್ತಾರೆ. ಟೀಚರಮ್ಮನಿಗೆ ಇದು ಒಗ್ಗುತ್ತಿರಲಿಲ್ಲ. ಬೀದಿಯಲ್ಲಿ ಸಾವಾಯಿತು ಅಂದರೆ ಕ್ಲಾಸು ಅಲ್ಲಿಗೇ ನಿಲ್ಲಿಸಿ, ಬಟ್ಟೆ ಇಸಿದುಕೊಂಡು ಬಂದು, ಹೆಣ ಎತ್ತುವುದರೊಳಗೆ ರವಿಕೆ ಹೊಲಿದು ತೊಡಿಸಿ ಬರುತ್ತಿದ್ದರು.

ಮೂಲೆಯಲ್ಲಿ ಹೂವು ಮಾರುತ್ತಿದ್ದ ಹೆಂಗಸು ಹೋದಾಗ ತೋಳು ಕತ್ತರಿಸಲು ನನ್ನನ್ನು ಕೂರಿಸಿದರು. ನಾನು ಎಂದಿನಂತೆ ಗೆರೆಯಾಚೆ ಒಂದಿಷ್ಟು ಬಿಟ್ಟೆ. "ಇನ್ನೂ ಅಗಲ ಬುಡಮ್ಮಿ. ಸತ್ತೋರ ಮೈ ಬಗ್ಗಾಕಿಲ್ಲ, ನಾವೇ ಬಗ್ಗಬೇಕು" ಅಂದರು. ಆ ಮನೆಯಲ್ಲಿ ಎಲ್ಲರೂ ಗೋಳಾಡುತ್ತಿದ್ದರೆ ಇವರು ಪಿನ್ನು ಕಚ್ಚಿಕೊಂಡು ಆಕೆಯ ತೋಳನ್ನು ಮೆಲ್ಲಗೆ ಒಳಗೆ ತೂರಿಸಿ, ಒಂದೊಂದೇ ಹುಕ್ಕು ಹಾಕಿ, ಭುಜದ ಸುಕ್ಕು ಎಳೆದು ಸರಿಮಾಡಿದರು. ಎಲ್ಲ ಮುಗಿದ ಮೇಲೆ ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು, ಗೋಡೆಗೆ ಒರಗಿ ಕೂತು ಅತ್ತರು.

ಕಾಲ ಬದಲಾಗುವುದು ಅವರಿಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಕರೆಂಟಿನ ಮೋಟರು ಬಂದಾಗ ಬೀದಿಯಲ್ಲಿ ಮೊದಲು ಹಾಕಿಸಿದವರು ಅವರು. ಬೆನ್ನಿನ ಡಿಸೈನಿನ ಹುಚ್ಚು ಶುರುವಾದಾಗ ಮೈಸೂರಿಗೆ ಹೋಗಿ, ದೊಡ್ಡ ಅಂಗಡಿಗಳ ಗಾಜಿನಾಚೆ ನಿಂತು ಗೊಂಬೆಗಳ ಬೆನ್ನು ನೋಡಿಕೊಂಡು ಬಂದು ಪೇಪರಿನ ಮೇಲೆ ಗೀಚಿದರು. ಆಮೇಲೆ ಮೊಬೈಲಿನಲ್ಲಿ ವಿಡಿಯೋ ಹಾಕಿಸಿಕೊಂಡು ಕನ್ನಡಕ ಏರಿಸಿ ಕೂತರು. ಇಷ್ಟೆಲ್ಲ ಮಾಡಿದರೂ ಹುಡುಗಿಯರು ಕಡಿಮೆಯಾಗುತ್ತಲೇ ಹೋದರು. ಮೈಸೂರು ರಸ್ತೆಯ ಗಾರ್ಮೆಂಟ್ಸಿನ ಬಸ್ಸು ಸೇತುವೆಯ ಹತ್ತಿರ ಬಂದು ನಿಲ್ಲತೊಡಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದವರೂ ಮುಗಿಸದವರೂ ನೇರವಾಗಿ ಅದನ್ನು ಹತ್ತುತ್ತಿದ್ದರು. ಒಂದು ಹೊಲಿಗೆ ಬಂದರೆ ಸಾಕು, ಅದನ್ನೂ ಅಲ್ಲೇ ಹೇಳಿಕೊಡುತ್ತಾರೆ. ಹಾಗಿದ್ದಮೇಲೆ ತಿಂಗಳುಗಟ್ಟಲೆ ಪೇಪರು ಕತ್ತರಿಸುವ ಕರ್ಮ ಯಾರಿಗೆ ಬೇಕು?

"ಅದು ಹೊಲಿಗೆಯಲ್ಲ ಕಣಮ್ಮಿ. ನೀವು ಒಣಗ್ಸಾಕೆ ಕಡ್ಡೀಗೆ ಹೊಗೆಸೊಪ್ಪು ಪೋಣಿಸ್ತಿರ್ಲಿಲ್ವೆ, ಒಂದಾದ್ಮೇಲೊಂದು, ಅಂಗೆ" ಅನ್ನುತ್ತಿದ್ದರು.

ನಾನು ಮದುವೆಯಾಗಿ ಹುಣಸೂರಿಗೇ ಬಂದವಳು, ಮಕ್ಕಳ ಫೀಸಿಗೆ ಆ ಬಸ್ಸನ್ನೇ ಹತ್ತಿದೆ. ಹೇಳಿಹೋಗಲು ಮನೆಗೆ ಹೋದಾಗ ಅವರು ಬೈಯಲಿಲ್ಲ. "ಹೋಗವ್ವ, ಮಕ್ಕಳವೆ. ಮನೇಲಿ ಕತ್ತರಿ ಮಾತ್ರ ಕೈ ಬುಡಬ್ಯಾಡ" ಅಂದರು. ಸಂಜೆ ಮನೆಗೆ ಬಂದರೆ ಅಡುಗೆಗೇ ತ್ರಾಣ ಇರುತ್ತಿರಲಿಲ್ಲ. ರೆಡಿಮೇಡ್ ರವಿಕೆಗಳು ಸಂತೆಯಲ್ಲೇ ಸಿಗತೊಡಗಿದವು. ನನ್ನ ಮಷೀನಿನ ತಲೆ ಒಳಕ್ಕೆ ಮಡಚಿ, ಮೇಲೆ ಟಿವಿ ಇಟ್ಟೆವು.

ರಸ್ತೆ ಅಗಲ ಮಾಡುವಾಗ ಅವರ ಯಜಮಾನರ ಬೀಡಾ ಅಂಗಡಿ ಹೋಯಿತು. ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ನೋಡುತ್ತೇನೆ, ಸೇತುವೆಯ ಹತ್ತಿರ ಟೀಚರಮ್ಮ ಊಟದ ಬ್ಯಾಗು ಹಿಡಿದು ನಿಂತಿದ್ದಾರೆ. ಕೊರಳಲ್ಲಿ ಟೇಪು. ಬಸ್ಸಿನೊಳಗೆ ಅರ್ಧಕ್ಕರ್ಧ ಅವರ ಶಿಷ್ಯೆಯರೇ. ಎಲ್ಲರೂ ಎದ್ದು ನಿಂತೆವು.

"ಯಾಕ್ ನಿಂತ್ರಿ, ಇಲ್ಲೇನ್ ಹಾಜರಿ ಹಾಕ್ತಾರಾ? ಜರುಗಿ" ಅಂದು ನನ್ನ ಪಕ್ಕ ಕೂತರು.

ಫ್ಯಾಕ್ಟರಿಯಲ್ಲಿ ಒಬ್ಬೊಬ್ಬರು ಅಂಗಿಯ ಒಂದೊಂದು ಭಾಗ ಹೊಲಿದು ಮುಂದಿನವಳಿಗೆ ತಳ್ಳುವ ಸಾಲಿಗೆ ಲೈನು ಅನ್ನುತ್ತಾರೆ. ನಮ್ಮ ಲೈನಿನ ಸೂಪರ್‌ವೈಸರು ಕೂಡ ಅವರ ಹತ್ತಿರವೇ ಕಲಿತವಳು, ನನಗಿಂತ ಮೊದಲಿನ ಬ್ಯಾಚು. ಟೀಚರಮ್ಮನಿಗೆ ಅಂಗಿಗೆ ಜೇಬು ಕೂರಿಸುವ ಕೆಲಸ ಕೊಟ್ಟಳು. ಜೇಬನ್ನೇನೋ ಕೂರಿಸುತ್ತಿದ್ದರು. ಆದರೆ ತಮಗಿಂತ ಹಿಂದೆ ಕೂತವರ ಹೊಲಿಗೆ ಸೊಟ್ಟಗೆ ಕಂಡರೆ ಅದನ್ನು ಬಿಚ್ಚಿ, ನೆಟ್ಟಗೆ ಹೊಲಿದು, ಆಮೇಲೆ ಜೇಬು. ಅವರ ಮಷೀನಿನ ಪಕ್ಕ ಕಟ್ಟು ಕಟ್ಟು ಅಂಗಿ ಬಿದ್ದು, ಮುಂದಿನವರೆಲ್ಲ ಕೈಕಟ್ಟಿ ಕೂತರು. ಸೂಪರ್‌ವೈಸರು ಓಡಿಬಂದಳು.

"ಟೀಚರಮ್ಮ, ನಿಮ್ ಕಾಲಿಗ್ ಬೀಳ್ತೀನಿ, ಬ್ಯಾರೇರ ಹೊಲಿಗೆ ನೋಡ್ಬ್ಯಾಡಿ. ನಿಮ್ ಜೇಬು ಇಟ್ಟು ಮುಂದಕ್ ತಳ್ಳಿ."

"ಸೊಟ್ಟಗದೆ ಕಣಮ್ಮಿ."

"ಇರ್ಲಿ ಬುಡಿ. ಅದನ್ನ ನೋಡಾಕೆ ಬ್ಯಾರೆ ಜನ ಅವ್ರೆ."

ಅವಳು ಕೆಟ್ಟವಳಲ್ಲ. ಲೈನು ನಿಂತರೆ ಅವಳ ಮೇಲಿನವರು ಅವಳನ್ನು ಬಿಡುವುದಿಲ್ಲ. ಟೀಚರಮ್ಮ ತಮ್ಮ ಕೈಯನ್ನು ತಡೆಯಲು ನೋಡಿದರು, ಆಗಲಿಲ್ಲ. ಕೊನೆಗೆ ಅವರನ್ನು ಮಷೀನಿನಿಂದ ಎಬ್ಬಿಸಿ, ಮುಗಿದ ಅಂಗಿಗಳ ದಾರದ ತುದಿ ಕತ್ತರಿಸುವ ಮೇಜಿಗೆ ಕಳಿಸಿದರು. ಇಡೀ ದಿನ ನಿಂತು ಮಾಡುವ ಕೆಲಸ. ಊರಿಗೆಲ್ಲ ಕತ್ತರಿ ಹಿಡಿಯಲು ಕಲಿಸಿದ ಕೈಗೆ ಚಿಮುಟದಂಥ ಒಂದು ಸಣ್ಣ ಕತ್ತರಿ ಕೊಟ್ಟಿದ್ದರು. ನಾನು ಅವರ ಕಡೆ ನೋಡುವುದನ್ನೇ ಬಿಟ್ಟೆ.

ಒಂದು ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ಅವರೇ ಒಬ್ಬೊಬ್ಬರನ್ನಾಗಿ ಕೇಳಿದರು. "ನಿಂದೇನಮ್ಮಿ?" ಕಾಲರು. "ನಿಂದು?" ಗುಂಡಿ ತೂತು. "ನಿಂದು?" ನಾನು ತೋಳಿನ ಕಫ್ ಅಂದೆ. "ಎಲ್ಲ ಸೇರಿ ಒಂದಂಗಿ ಅನ್ನು. ಒಬ್ಳು ರಜಾ ಹಾಕಿದ್ರೆ ತೋಳೇ ಇಲ್ಲ" ಎಂದು ನಕ್ಕರು. ಬಸ್ಸೆಲ್ಲ ನಕ್ಕಿತು. ಆಮೇಲೆ ನನ್ನ ಕಡೆ ಬಾಗಿ, ನನಗೊಬ್ಬಳಿಗೇ ಕೇಳುವ ಹಾಗೆ ಅಂದರು: "ನಿಮ್ಮಪ್ಪಂಗೆ ನಾನು ಸುಳ್ಳು ಹೇಳಿದಂಗಾಯ್ತಲ್ವಾ?"

ನಾನು ಅವರ ಊಟದ ಬ್ಯಾಗನ್ನು ಇಸಿದುಕೊಂಡು ನನ್ನ ಮಡಿಲಲ್ಲಿಟ್ಟುಕೊಂಡೆ.

ಸಕ್ಕರೆ ಕಾಯಿಲೆ ಮೊದಲೇ ಇತ್ತು. ನಿಂತು ನಿಂತು ಕಾಲು ಊದಿಕೊಂಡಿತು, ಕೆಲಸ ಬಿಟ್ಟರು. ಕಾಲಿನ ಊತ ಮೈಗೂ ಕೈಗೂ ಏರಿತು. ಒಂದು ಭಾನುವಾರ ಬೆಳಿಗ್ಗೆ ಹೋಗಿಬಿಟ್ಟರು. ಭಾನುವಾರವಾದ್ದರಿಂದ ನಾವೆಲ್ಲ ಅಲ್ಲಿದ್ದೆವು. ಬೇರೆ ವಾರವಾಗಿದ್ದರೆ ರಜೆ ಸಿಗುತ್ತಿರಲಿಲ್ಲ.

ತವರೂರು ಭೇರ್ಯದಿಂದ ಅವರ ಅಣ್ಣ ಹಸಿರು ಸೀರೆ, ಕೆಂಪು ರವಿಕೆಬಟ್ಟೆ ತಂದರು. ಯಜಮಾನರು ಆ ಬಟ್ಟೆ ಹಿಡಿದುಕೊಂಡು ಪಡಸಾಲೆಗೆ ಬಂದು, ತುಂಬಿ ಕೂತಿದ್ದ ಹೆಂಗಸರನ್ನು ನೋಡಿದರು. "ಎಲ್ಲಾರಿಗೂ ಹೊಲ್ದು ಕಳ್ಸಿದವಳು. ಅವಳಿಗೊಂದು ಹೊಲೀರವ್ವ" ಅಂದರು.

ಅಲ್ಲಿ ಕೂತಿದ್ದವರಲ್ಲಿ ಆ ಪಡಸಾಲೆಯಲ್ಲಿ ಪೇಪರು ಕತ್ತರಿಸದವರು ಕಡಿಮೆ. ಆದರೂ ಒಬ್ಬಳೂ ಕೈ ಮುಂದೆ ಮಾಡಲಿಲ್ಲ. ಕಾಲರಿನವಳು ಗುಂಡಿಯವಳ ಮುಖ ನೋಡಿದಳು, ಗುಂಡಿಯವಳು ನೆಲ ನೋಡಿದಳು. ರವಿಕೆಗೆ ಕಾಲರೂ ಇಲ್ಲ, ಕಫೂ ಇಲ್ಲ. "ನೀನು ಅವರತ್ರ ಜಾಸ್ತಿ ದಿನ ಇದ್ದೋಳು, ನೀನೇ ಕೂತ್ಕೊ" ಎಂದು ಸೂಪರ್‌ವೈಸರು ನನ್ನನ್ನು ಎಬ್ಬಿಸಿದಳು.

ಚಾಪೆಯ ಮೇಲೆ ಬಟ್ಟೆ ಹಾಸಿದೆ. ಅವರದೇ ಹಳೆ ರವಿಕೆ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕತ್ತರಿ ಹಿಡಿದು ವರ್ಷಗಳೇ ಆಗಿದ್ದವು. ಫ್ಯಾಕ್ಟರಿಯಲ್ಲಿ ಬಟ್ಟೆ ಕತ್ತರಿಸಿಕೊಂಡೇ ನಮ್ಮ ಮುಂದೆ ಬರುತ್ತದೆ, ಅಂಚು ಎಲ್ಲಿದೆಯೋ ಅಲ್ಲಿಗೆ ಕೈ ಹೋಗುತ್ತದೆ, ಅಷ್ಟೇ. ಹೊರಗೆ ಗಂಡಸರು ಹೊತ್ತಾಯಿತು, ಹೊತ್ತಾಯಿತು ಅನ್ನುತ್ತಿದ್ದರು. ಗೆರೆಯ ಮೇಲೇ ಕತ್ತರಿಸಿದೆ. ಆಚೆಗೆ ಏನೂ ಬಿಡಲಿಲ್ಲ. ಅದು ನನಗೆ ಗೊತ್ತಾಗಲೂ ಇಲ್ಲ.

ಹೊಲಿದು ಒಳಕೋಣೆಗೆ ಒಯ್ದೆವು. ಊದಿದ ತೋಳು ಮೊಣಕೈಯವರೆಗೂ ಹೋಗಲಿಲ್ಲ. ಬಿಚ್ಚಿ ಅಗಲ ಮಾಡೋಣ ಎಂದು ಒಳಗು ತಿರುವಿ ನೋಡಿದೆ. ಬಿಚ್ಚಲು ಒಳಗೆ ಬಟ್ಟೆ ಇರಲಿಲ್ಲ. ಆಗ ನೆನಪಾಯಿತು, ಪೇಪರು, ಟೇಪಿನ ಏಟು, ಹೂವಿನವಳ ತೋಳು, ಎಲ್ಲ. ಇದ್ದದ್ದು ಅದೊಂದೇ ತವರಿನ ಬಟ್ಟೆ.

ಸೂಪರ್‌ವೈಸರು ಅವರ ಭುಜ ಹಿಡಿದುಕೊಂಡಳು. ನಾನು ಹೊಲಿಗೆಯನ್ನೆಲ್ಲ ಹರಿದು, ತುಂಡುಗಳನ್ನು ಅವರ ಮೈಮೇಲೆ ಹೊಂದಿಸಿ, ಅವರ ಸೆರಗಿನಿಂದ ಬಿಚ್ಚಿ ಇಟ್ಟಿದ್ದ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ಚುಚ್ಚುತ್ತ ಬಂದೆ. ಬಾಯಲ್ಲಿ ಪಿನ್ನು ಇದ್ದರೆ ಅಳುವುದಕ್ಕಾಗುವುದಿಲ್ಲ ಎಂದು ಆವತ್ತು ತಿಳಿಯಿತು. ಮೇಲೆ ಹಸಿರು ಸೆರಗು ಹೊದಿಸಿದೆವು. ಹೊರಗೆ ತಂದು ಕೂರಿಸಿದಾಗ ಯಾರೋ ಅಜ್ಜಿ, "ಮುತ್ತೈದೆ ಲಕ್ಷಣವಾಗಿ ಹೊಂಟವ್ಳೆ" ಅಂದರು.

ಕೈ ಕಲ್ತಿದ್ದು ಕೈ ಬುಡಾಕಿಲ್ಲ ಅಂದಿದ್ದಿರಿ, ಟೀಚರಮ್ಮ. ಬಿಟ್ಟಿತು.

ಮರುದಿನ ಬಸ್ಸು ಬಂತು, ಹತ್ತಿದೆವು. ಕಫ್ ಹೊಲಿಯಲು ಹೊಸ ಮಷೀನು ಬರುತ್ತದಂತೆ, ಬಟ್ಟೆ ಇಟ್ಟರೆ ಸಾಕಂತೆ. ಆಮೇಲೆ ನಮ್ಮನ್ನು ಎಲ್ಲಿಗೆ ಹಾಕುತ್ತಾರೋ ಸೂಪರ್‌ವೈಸರಿಗೂ ಗೊತ್ತಿಲ್ಲ. ನನ್ನ ಮಗಳು ಈಗ ಪಿಯುಸಿ. ಮುಂದೆ ಏನು ಕಲೀಲಿ ಎಂದು ದಿನಾ ಕೇಳುತ್ತಾಳೆ. ಅಪ್ಪ ನನ್ನನ್ನು ಕರೆದುಕೊಂಡು ಹೋದ ಹಾಗೆ ಅವಳನ್ನು ಯಾರ ಬಾಗಿಲಿಗೆ ಕರೆದುಕೊಂಡು ಹೋಗಲಿ ಎಂದು ನನಗೆ ತೋಚುವುದಿಲ್ಲ.

ಟ್ರಂಕಿನಲ್ಲಿ ನನ್ನ ಮದುವೆಯ ರವಿಕೆ ಇದೆ. ಮೊನ್ನೆ ಒಳಗು ತಿರುವಿ ನೋಡಿದೆ. ಅಷ್ಟು ಸಲ ಅಗಲ ಮಾಡಿದ ಮೇಲೂ ಅವರು ಬಿಟ್ಟಿದ್ದ ಬಟ್ಟೆ ಬೆರಳಗಲ ಉಳಿದಿತ್ತು. ಅದನ್ನು ಬಿಚ್ಚಿ ಹೊಲಿಯುವ ಧೈರ್ಯ ನನಗಿಲ್ಲ. ಹಾಗೇ ಮಡಿಸಿ ಇಟ್ಟೆ.