ಬಂದರಿನಲ್ಲಿ ಆರದ ಇಂಜಿನ್

ಮೊನ್ನೆ ಕರೆಂಟ್ ಹೋದಾಗ ಶಿವಮೊಗ್ಗದ ಗಾಂಧಿಬಜಾರಿನ ಅಂಗಡಿಗಳ ಮುಂದೆಲ್ಲ ಜನರೇಟರುಗಳು ಗುಡುಗತೊಡಗಿದವು. ಡೀಸೆಲ್ ಹೊಗೆಗೆ ಮೂಗು ಮುಚ್ಚಿಕೊಂಡು ನಿಂತವನಿಗೆ ಖಲೀಲ್ ಭಾಯ್ ನೆನಪಾದರು. "ಇದು ಅತ್ತರು ಕಣ್ರೀ ಮೇಷ್ಟ್ರೇ. ನಮ್ಮ ಹಡಗಿನ ಎಣ್ಣೆ ವಾಸನೆ ನೋಡಿದ್ರೆ ಇದನ್ನ ನೀವು ಬಟ್ಟೆಗೆ ಹಚ್ಕೊಳ್ತೀರಿ" ಎನ್ನುತ್ತಿದ್ದರು.

ನಾನು ಭದ್ರಾವತಿಯಲ್ಲಿದ್ದಾಗ ಅವರದು ನಮ್ಮ ಪಕ್ಕದ ಮನೆ. ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದವರು, ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಬಂದು ಪಂಪ್‌ಸೆಟ್ ರಿಪೇರಿಗೆ ಕೂತಿದ್ದರು. ನಾನು ಕೆಮಿಸ್ಟ್ರಿ ಮೇಷ್ಟ್ರು. ಗಂಧಕದ ಹೊಗೆಯ ಬಗ್ಗೆ ಬೋರ್ಡು ತುಂಬ ಬರೆಯಬಲ್ಲೆ. ಒಮ್ಮೆ ನಮ್ಮ ಕಾಲೇಜಿನ ಹುಡುಗರಿಗೆ ಹಡಗಿನ ಅನುಭವ ಹೇಳಿ ಎಂದು ಅವರನ್ನು ಕರೆದೆ. ಬಿರುಗಾಳಿ, ತಿಮಿಂಗಿಲ ಏನಾದರೂ ಬರುತ್ತದೆಂದು ನಂಬಿದ್ದೆ.

ಅವರು ಹೇಳಿದ್ದು ಬಂದರಿನ ಸಂಗತಿ. ದಡಕ್ಕೆ ಕಟ್ಟಿದ ಹಡಗಿಗೂ ದೀಪ ಬೇಕು, ಪಂಪು ಬೇಕು. ಹಾಗಾಗಿ ಇಂಜಿನ್ ಆರುವುದೇ ಇಲ್ಲ. ಊರಿಗೆ ಹೊಗೆ ತಟ್ಟದಿರಲೆಂದು, ಬಂದರಿಗೆ ಬರುವಾಗ ಗಂಧಕ ತುಂಬಿದ ಡಾಂಬರಿನಂಥ ಅಗ್ಗದ ಎಣ್ಣೆ ನಿಲ್ಲಿಸಿ ಹಗುರ ಎಣ್ಣೆಗೆ ಬದಲಾಯಿಸಬೇಕು.

"ಒಂದ್ಸಲ ಮೇಲಿನೋರು, ಯಾರೂ ನೋಡಲ್ಲ, ಹಳೇ ಎಣ್ಣೇನೇ ಇರ್ಲಿ ಅಂದ್ರು. ವಾಲ್ವ್ ತಿರುಗಿಸೋನು ನಾನು. ತಿರುಗಿಸಲಿಲ್ಲ."

ಆ ಬಂದರಿನ ಗೋಡೆಯಾಚೆಗೇ ಅವರ ತಂಗಿ ಜಮೀಲಾರ ಮನೆ. ತಂಗಿ ಫೋನ್ ಮಾಡಿದ್ದರು: "ಭಾಯ್‌ಜಾನ್, ತಾರಸಿಯಿಂದ ನಿಮ್ಮ ಹಡಗು ಕಾಣ್ತಿದೆ. ಹೊಗೆ ಪೂರಾ ಈ ಕಡೆಗೇ ಬರ್ತಿದೆ." ಇವರು ನಕ್ಕು, "ಎರಡು ದಿನ ಕಿಟಕಿ ಹಾಕ್ಕೋ" ಎಂದಿದ್ದರು. ಮೂರನೆಯ ದಿನ ತಂಗಿಯ ಮಗಳು ಆಯಿಷಾ, ಮೊದಲೇ ಉಬ್ಬಸದ ಹುಡುಗಿ, ಆಸ್ಪತ್ರೆಯ ದಾರಿಯಲ್ಲಿ ಆಟೋದಲ್ಲೇ ಹೋಗಿಬಿಟ್ಟಳು.

"ಡಾಕ್ಟ್ರು ಹೊಗೆಯಿಂದ ಅಂತ ಹೇಳಲಿಲ್ಲ. ತಂಗಿಗೆ ವಾಲ್ವಿನ ವಿಷಯ ನಾನೇ ಹೇಳ್ದೆ. ಇವತ್ತಿಗೂ ಅವಳು ನನಗೆ ಬೈದಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ನಾನೆಂಥ ಆಸಾಮಿ ನೋಡಿ: ಎದ್ದು ನಿಂತು, ಮೊದಲೇ ಬರೆದುಕೊಂಡಿದ್ದ ವಂದನಾರ್ಪಣೆ ಓದಿದೆ. 'ರೋಚಕ ಅನುಭವ ಹಂಚಿಕೊಂಡಿದ್ದಕ್ಕೆ' ಎಂದು ಅದರಲ್ಲಿತ್ತು. ಅವರು ಕೈಮುಗಿದು ಹೊರಟುಹೋದರು. ಆಮೇಲೆ ಆ ಮಾತು ನಾವಿಬ್ಬರೂ ಎತ್ತಲಿಲ್ಲ.

ಖಲೀಲ್ ಭಾಯ್ ಕಳೆದ ತಿಂಗಳು ತೀರಿಕೊಂಡರು. ಮಣ್ಣಿಗೂ ಹೋಗಿರಲಿಲ್ಲ ನಾನು. ನಿನ್ನೆ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಜಮೀಲಾ ಅಣ್ಣನ ಮನೆಯಲ್ಲೇ ಇದ್ದರು. ಚಹಾ ಕೊಟ್ಟು ಕೇಳಿದರು: "ಈಗ ಬೇರೆ ಎಣ್ಣೇಲಿ ಹಡಗು ಓಡ್ತಾವಂತೆ, ಬಂದರಲ್ಲಿ ನಿಂತ್ರೆ ದಡದಿಂದಲೇ ಕರೆಂಟ್ ಕೊಡ್ತಾರಂತೆ. ಹೌದಾ ಮೇಷ್ಟ್ರೇ?"

"ಹೌದಮ್ಮ. ಮೆಥನಾಲ್ ಅಂತ ಹೊಗೆ ಕಡಿಮೆ ಇರೋ ಇಂಧನ ಇದೆ. ಕೆಲವು ಕಡೆ ಶುರುವಾಗಿದೆ."

ಅವರು ತಲೆಯಾಡಿಸಿದರು. "ಅಂದ್ರೆ, ಆ ಹೊಗೆ ತಪ್ಪಿಸೋದು ಆಗೋ ಕೆಲಸಾನೇ."

ಮೆಥನಾಲಿನ ಸೂತ್ರ ನಾಲಿಗೆ ತುದಿಯಲ್ಲಿತ್ತು. ನುಂಗಿಕೊಂಡು, "ಆಯಿಷಾ ಎಷ್ಟನೇ ಕ್ಲಾಸಲ್ಲಿದ್ದಳಮ್ಮ?" ಎಂದು ಕೇಳಿದೆ.

"ಆರನೇದು" ಎಂದರು. ಆಮೇಲೆ ಸೆರಗಿನಿಂದ ಕಣ್ಣೊತ್ತಿಕೊಂಡು ಮಗಳ ಬಗ್ಗೆ ಹೇಳತೊಡಗಿದರು. ನಾನು ಕೊನೆಯ ಬಸ್ಸಿನವರೆಗೂ ಕೂತು ಕೇಳಿದೆ.