ಅಕ್ಕನ ಫೋಟೋಗೆ ಕಣ್ಣು

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ವಿನಿಗರ್ ಸೀಸೆಯ ಮುಚ್ಚಳ ತಿರುವಿದಳು. ಅದೇನೋ ಚೈನೀಸ್ ಅಡುಗೆಯಂತೆ, ನನಗಂತೂ ಅದರ ತಲೆಬುಡ ತಿಳಿಯದು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹೆಚ್ಚುತ್ತಿದ್ದ ಈರುಳ್ಳಿಯನ್ನು ಅಲ್ಲೇ ಬಿಟ್ಟು ಕೂತುಬಿಟ್ಟೆ. "ಏನಾಯ್ತತ್ತೆ?" ಎಂದಳು. ಏನಂತ ಹೇಳಲಿ? ಎಂಬತ್ತರ ದಶಕದಲ್ಲಿ ಉಡುಮಲೈಪೇಟೆಯ ನಮ್ಮ ಬಾಡಿಗೆ ಮನೆಯ ಗೋಡೆಯಾಚೆಯಿಂದ ಬರುತ್ತಿದ್ದದ್ದು ಇದೇ ವಾಸನೆ. ಪಕ್ಕದ ಸ್ಟುಡಿಯೋ ಅಣ್ಣ ಫಿಲ್ಮ್ ತೊಳೆಯುತ್ತಿದ್ದ ಕತ್ತಲೆಕೋಣೆಯ ವಾಸನೆ...

ಆಗ ನಾನು ಹೊಸದಾಗಿ ಮದುವೆಯಾಗಿ ನಂಜನಗೂಡಿನಿಂದ ಬಂದವಳು. ಯಜಮಾನರಿಗೆ ಹತ್ತಿ ಗಿರಣಿಯಲ್ಲಿ ಪಾಳಿ ಕೆಲಸ. ಮನೆಯಲ್ಲಿದ್ದರೆ ನಿದ್ದೆ, ಎದ್ದರೆ ಗಿರಣಿ. ನನಗೋ ತಮಿಳು ಒಂದಕ್ಷರ ಬಾರದು. ತರಕಾರಿಯವಳಿಗೆ ಬೆರಳು ತೋರಿಸಿ ಬದುಕುತ್ತಿದ್ದೆ. ಮಾತಾಡದೆ ಮಾತಾಡದೆ ನಾಲಿಗೆಯೇ ಮರಗಟ್ಟಿದಂತಾಗಿತ್ತು. ಹೀಗಿರುವಾಗ ಒಂದು ದಿನ ಗೋಡೆಯಾಚೆಯಿಂದ "ಅಯ್ಯೋ, ಅನ್ನ ಸೀದೋಯ್ತು!" ಎಂದು ಕನ್ನಡ ಕೇಳಿಸಿತು. ಓಡಿದೆ. ನಾಚಿಕೆ ಎಲ್ಲಿ ಬಂತು! ಹಾಗೆ ಸಿಕ್ಕಿದವಳು ಅಕ್ಕ, ಸ್ಟುಡಿಯೋ ಅಣ್ಣನ ಹೆಂಡತಿ. ತಲೆತಲಾಂತರದಿಂದ ಆ ಕಡೆಯೇ ನೆಲೆಸಿದ ನೇಯ್ಗೆಯವರ ಮನೆತನ. ಅವರ ಕನ್ನಡಕ್ಕೆ ತಮಿಳಿನ ರಾಗ. ನನ್ನ ಮಾತು ಕೇಳಿದರೆ ಅಕ್ಕನಿಗೆ ನಗು. "ಏನಡಿ, ರೇಡಿಯೋ ಮಾದ್ರಿ ಮಾತಾಡ್ತಿ!" ಎನ್ನುವಳು. ಅವರಿಗೆ ಮಕ್ಕಳಿರಲಿಲ್ಲ. ಮಧ್ಯಾಹ್ನವೆಲ್ಲ ನಾವಿಬ್ಬರೂ ಎದುರುಬದುರು ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆವು.

ಅಣ್ಣನದು ದೊಡ್ಡ ಮರದ ಕ್ಯಾಮೆರಾ. ಒಂದು ಫೋಟೋಗೆ ಅಂಗೈಯಗಲದ ಒಂದು ಫಿಲ್ಮ್ ಹಾಳೆ. ಕರಿಬಟ್ಟೆ ಹೊದ್ದು, ಗಾಜಿನಲ್ಲಿ ತಲೆಕೆಳಗಾಗಿ ಕಾಣುವ ಮುಖವನ್ನು ಸರಿನೋಡಿ, ಹಾಳೆ ಸಿಕ್ಕಿಸಿ ಹೊರಬರುವರು. ಮೊದಲೆಲ್ಲ ದೊಡ್ಡ ಬಲ್ಬುಗಳ ಕಾವಿಗೆ ಜನ ಬೆವರುತ್ತಾ, ಅಲುಗಾಡದೆ ಕೂರಬೇಕಿತ್ತಂತೆ. ನಾನು ಬಂದ ವರ್ಷ ಅಣ್ಣ ಕೊಯಮತ್ತೂರಿನ ಗಾಂಧಿಪುರಂವರೆಗೂ ಹೋಗಿ ಫ್ಲ್ಯಾಶ್ ಲೈಟು, ಅದರ ಬೆಳಕು ಹರಡಲು ಒಂದು ಬಿಳಿ ಕೊಡೆ ತಂದರು. ಕೋಣೆ ಮಬ್ಬು ಮಾಡಿ, ಲೆನ್ಸಿನ ಮುಚ್ಚಳ ತೆಗೆದು, ಫ್ಲ್ಯಾಶ್ ಹೊಡೆದು, ಮತ್ತೆ ಮುಚ್ಚಳ ಹಾಕಿದರೆ ಮುಗಿಯಿತು. ಆದರೆ ಅಷ್ಟು ಬೇಗ ಮುಗಿದರೆ ಕೂತವರು ಆ ಹೊತ್ತಿಗೆ ಕಣ್ಣು ಬಿಟ್ಟಿದ್ದರೋ ಮುಚ್ಚಿದ್ದರೋ ಅಣ್ಣನಿಗೂ ಕಾಣದು. ಅದಕ್ಕೆ ಪ್ರತಿಯೊಬ್ಬರನ್ನೂ ಕೇಳುವರು: ಬೆಳಕು ಬೆಳ್ಳಗೆ ಕಂಡಿತೋ, ಕೆಂಪಗೆ ಕಂಡಿತೋ? ಬೆಳ್ಳಗೆ ಎಂದರೆ ಕಣ್ಣು ತೆರೆದಿತ್ತು. ಕೆಂಪಗೆ ಎಂದರೆ ಮುಚ್ಚಿದ ರೆಪ್ಪೆಯ ಮೂಲಕ ನೋಡಿದ್ದಾರೆ, ಇನ್ನೊಂದು ಹಾಳೆ ಹಾಕಬೇಕು.

ಬೆಳಕಿನ ಹದ ನೋಡುವುದಕ್ಕೆ ಮಾತ್ರ ಅಕ್ಕನೇ ಆಗಬೇಕು. ಕೊಡೆ ಹತ್ತಿರ ತಂದರೂ ಕರೆ, ದೂರ ಸರಿಸಿದರೂ ಕರೆ. ಅವಳು ಕೈ ಒರೆಸಿಕೊಂಡು ಬಂದು ಸ್ಟೂಲಿನ ಮೇಲೆ ಕೂರುವಳು. ಫ್ಲ್ಯಾಶ್ ಹೊಡೆದದ್ದೇ "ಬೆಳ್ಳಗೇ ಇತ್ತು, ಬೆಳ್ಳಗೆ" ಎಂದು ಎದ್ದೋಡುವಳು. ನನ್ನ ಕಿವಿಯಲ್ಲಿ ಮಾತ್ರ, "ಕೆಂಪಗೆ ಅಂದ್ರೆ ತಿರ್ಗಾ ಕೂರ್ಸ್ತಾರಡಿ, ಒಲೆ ಮೇಲೆ ಸಾಂಬಾರ್ ಇದೆ!" ಫಿಲ್ಮ್ ತೊಳೆದಾಗ ಸುಳ್ಳು ಹೊರಬೀಳುತ್ತಿತ್ತು. ಅಣ್ಣ ನಕ್ಕುಬಿಡುವರು. "ಪರವಾಯಿಲ್ಲ. ಲೈಟ್ ನೋಡಕ್ಕೆ ತಾನೇ, ಕಣ್ಣು ಯಾತಕ್ಕೆ?" ಎನ್ನುವರು.

ಚೊಚ್ಚಲ ಹೆರಿಗೆಗೆ ನಾನು ತವರಿಗೆ ಹೋದೆ. ಕೂಸನ್ನೆತ್ತಿಕೊಂಡು ಮರಳಿದಾಗ ಸ್ಟುಡಿಯೋ ಬಾಗಿಲು ಅರ್ಧ ಹಾಕಿತ್ತು. ಕಾಮಾಲೆಯಾಗಿ ಅಕ್ಕ ವಾರದೊಳಗೇ ಹೋಗಿಬಿಟ್ಟಿದ್ದಳು. ಬಾಣಂತಿಗೆ ಬೇಡವೆಂದು ಯಾರೂ ಹೇಳಿರಲಿಲ್ಲ. ಅವರ ಹೊಸ್ತಿಲಲ್ಲೇ ಕೂತು ಅತ್ತೆ. ಅಣ್ಣ ಕೂಸಿನ ಮುಷ್ಟಿಗೆ ಬೆರಳು ಕೊಟ್ಟು ನಿಂತಿದ್ದರು.

ವರ್ಷದ ತಿಥಿ ಹತ್ತಿರ ಬಂತು. ಹಾರ ಹಾಕಲು ಫೋಟೋ ಬೇಕು. ಮದುವೆಯ ಫೋಟೋದಲ್ಲಿ ಅಕ್ಕ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಉಳಿದದ್ದು ಬೆಳಕಿನ ಹದ ನೋಡಿದ ಆ ಹಾಳೆಗಳು. ಒಂದೊಂದರಲ್ಲೂ ಮುಖ ಎಷ್ಟು ಚೆಂದ, ಮೂಗುಬೊಟ್ಟಿನ ಹೊಳಪೂ ಎದ್ದು ಕಾಣುತ್ತದೆ, ಕಣ್ಣು ಮಾತ್ರ ಎಲ್ಲದರಲ್ಲೂ ಮುಚ್ಚಿವೆ. ಅಂಥದಕ್ಕೆ ಹಾರ ಹಾಕಿದರೆ ಹೆಣದ ಫೋಟೋ ಎಂದಾರು. ಸುತ್ತಲ ಹಳ್ಳಿಯವರು ತರುತ್ತಿದ್ದ ಎಷ್ಟೋ ಫೋಟೋಗಳಿಗೆ, ಸತ್ತ ಮೇಲೆ ತೆಗೆಸಿದವಕ್ಕೂ, ಅಣ್ಣ ಕುಂಚದಲ್ಲಿ ತೆರೆದ ಕಣ್ಣು ಬರೆದುಕೊಟ್ಟವರು. ಹೆಂಡತಿಯದಕ್ಕೆ ಕೂತರೆ ಕೈಯೇ ಓಡಲಿಲ್ಲ. ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದರು.

"ತಂಗಚ್ಚಿ, ನೀನು ದಿನಾ ಅವಳ ಎದುರಿಗೇ ಕೂತಿದ್ದವಳು. ಅವಳ ಕಣ್ಣು ಎಂಗಿತ್ತು, ಹೇಳು."

ಬಾಯಿ ತೆರೆದೆ... ಅಕ್ಕನ ಬಳೆ ನೆನಪಿಗೆ ಬಂತು, ಕಲ್ಲು ಆರಿಸುವ ಬೆರಳು ಬಂತು, ತಲೆಯ ಹರಳೆಣ್ಣೆ ವಾಸನೆ ಬಂತು. ಕಣ್ಣು ಬರಲಿಲ್ಲ. "ದೊಡ್ಡವು ಅಣ್ಣ... ಅಲ್ಲ, ಅಷ್ಟೇನೂ ದೊಡ್ಡವಲ್ಲ" ಎಂದು ತಡವರಿಸಿದೆ. ಅವರು ಮೆಟ್ಟಿಲ ಮೇಲೆ ಕೂತರು.

"ನಂಗೂ ಅಂಗೇ. ಊರೋರ ಕಣ್ಣೆಲ್ಲಾ ಜ್ಞಾಪಕ ಇದೆ, ಇವಳ್ದಿಲ್ಲ. ಎಂಗೆ ಸಂಸಾರ ಮಾಡಿದ್ನೋ ನಾನು, ನೋಡು!"

ಆಮೇಲೆ ನನ್ನ ಮುಖ ನೋಡಿ, "ಕೊಂಜ ಬಂದು ಸ್ಟೂಲ್ ಮೇಲೆ ಕೂತ್ಕೋತೀಯಾ?" ಎಂದರು. ಏಕೆಂದು ನಾನು ಕೇಳಲಿಲ್ಲ. ಕೂಸನ್ನು ಚಾಪೆಯ ಮೇಲೆ ಮಲಗಿಸಿ ಹೋಗಿ ಕೂತೆ. ಅವಳನ್ನು ನೆನೆಸಿಕೊಂಡು ನೋಡು ಎಂದರು. ಲೆನ್ಸಿನ ಮುಚ್ಚಳ ತೆಗೆದರು. ಫ್ಲ್ಯಾಶ್ ಹೊಡೆಯಿತು. ಬೆಳಕು ಹೇಗೆ ಕಂಡಿತೆಂದು ಕೇಳಿದರು. "ಬೆಳ್ಳಗೆ ಅಣ್ಣ" ಎಂದೆ.

ತಿಥಿಯ ದಿನ ಧಾರಾಪುರಂನಿಂದ ಅಕ್ಕನ ತಮ್ಮ, ನಾದಿನಿ, ನೆಂಟರಿಷ್ಟರೆಲ್ಲ ಬಂದಿದ್ದರು. ಗೋಡೆಯ ಫೋಟೋ ನೋಡಿ ತಮ್ಮ ಗೊಳೋ ಎಂದು ಅತ್ತ. "ನಮ್ಮಕ್ಕನೇ! ಅಂಗೇ ನೋಡ್ತಾ ಇದಾಳೆ!" ಎಂದ. ಎಲ್ಲರೂ ಹೌದು ಹೌದು ಎಂದು ಕಣ್ಣೊರೆಸಿಕೊಂಡರು. ಹೂವಿನ ತಟ್ಟೆ ಹಿಡಿದು ನಿಂತಿದ್ದ ನಾನೂ ತಲೆಯೆತ್ತಿದೆ. ಅಕ್ಕನ ಮುಖದೊಳಗಿಂದ ನನ್ನನ್ನು ನೋಡುತ್ತಿದ್ದದ್ದು ನನ್ನವೇ ಕಣ್ಣುಗಳು. ದಿನಾ ಕಾಡಿಗೆ ಹಚ್ಚುವಾಗ ಕನ್ನಡಿಯಲ್ಲಿ ಕಾಣುವ ಅವೇ ಎರಡು. ಅಷ್ಟು ಜನರಲ್ಲಿ ಒಬ್ಬರಾದರೂ ಇದು ಅವಳಲ್ಲ ಎನ್ನಬಾರದೇ? ಯಾರೂ ಅನ್ನಲಿಲ್ಲ. ನಾನೂ ಯಾವ ಬಾಯಲ್ಲಿ ಅನ್ನಲಿ?

ಎಲ್ಲರೂ ಊಟ ಮುಗಿಸಿ ಹೊರಟ ಮೇಲೆ ಅಣ್ಣ ಗೋಡೆಗೊರಗಿ ಕೂತರು. ನನ್ನ ಕಡೆ ನೋಡಲಿಲ್ಲ.

"ಒಬ್ರಾದ್ರೂ ಬಯ್ತಾರೆ ಅಂತ ಕಾಯ್ತಾ ಇದ್ದೆ, ತಂಗಚ್ಚಿ" ಎಂದರು.

ಆಮೇಲೆ ಯಜಮಾನರಿಗೆ ಕೊಯಮತ್ತೂರಿನ ಗಿರಣಿಯಲ್ಲಿ ಕೆಲಸವಾಗಿ ನಾವು ಇತ್ತ ಬಂದೆವು. ಅಣ್ಣ ತೀರಿಕೊಂಡದ್ದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಅಂಗಡಿ ಸಾಲನ್ನೇ ಕೆಡವಿದ್ದಾರಂತೆ. ಫೋಟೋ ಎಲ್ಲಿ ಹೋಯಿತೋ... ಇಷ್ಟನ್ನೂ ಸೊಸೆಗೆ ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಕೇಳಿದಳು: "ನೋಡೋಕೆ ಹೇಗಿದ್ರು ಅತ್ತೆ, ಆ ಅಕ್ಕ?"

ಹೇಳಬೇಕೆಂದು ನೆನೆಸಿಕೊಂಡೆ. ದುಂಡು ಮುಖ ಬಂತು, ಮೂಗುಬೊಟ್ಟು ಬಂತು, ನಗುವಾಗ ಬಾಯಿಗೆ ಅಡ್ಡ ಹಿಡಿಯುವ ಕೈಯೂ ಬಂತು. ಕಣ್ಣಿನ ಜಾಗಕ್ಕೆ ನನ್ನವೇ ಬಂದು ಕೂತವು, ಕಾಡಿಗೆ ಹಚ್ಚಿದ ಆಗಿನ ಕಣ್ಣುಗಳು. ಎಷ್ಟು ತಳ್ಳಿದರೂ ಅವು ಕದಲಲಿಲ್ಲ.